ಹಂಡೆಯಿಂದ ಗೀಸರಿನವರೆಗೆ: ಬಿಸಿನೀರಿನ ವಿದ್ಯುತ್ ಲೆಕ್ಕ

(ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯೆಂದರೆ ಕಾಡು, ನದಿ, ಅಣೆಕಟ್ಟು, ಗಣಿ ಇವುಗಳ ಮಾತು ಬರುವುದು ವಾಡಿಕೆ. ಇಂದು ನಾನು ಆಯ್ದುಕೊಂಡಿರುವ ವಿಷಯ ಬಚ್ಚಲುಮನೆಯದು. ಸ್ನಾನದ ನೀರನ್ನು ಕಾಯಿಸಲು ಎಷ್ಟು ವಿದ್ಯುತ್ ಬೇಕಾಗುತ್ತದೆ, ಅದನ್ನು ನಮ್ಮ ಮನೆಯಲ್ಲಿಯೇ ಅಳೆಯುವುದು ಹೇಗೆ, ಅಳೆದ ಮೇಲೆ ಮಾಡಬೇಕಾದುದೇನು ಎಂಬಿಷ್ಟೇ ಇಂದಿನ ಮಾತು. ವಿಷಯ ಚಿಕ್ಕದೆಂದು ಕೆಲವರಿಗೆ ತೋರಬಹುದು. ಆದರೆ ಕಾಡಿನ ದಾರಿಯೂ ಅಣೆಕಟ್ಟಿನ ದಾರಿಯೂ ಈ ಬಚ್ಚಲುಮನೆಯ ಮೂಲಕವೇ ಹಾದುಹೋಗುತ್ತವೆ ಎಂಬುದು ಲೆಕ್ಕ ಹಾಕಿದಾಗ ತಾನಾಗಿಯೇ ತಿಳಿಯುತ್ತದೆ.

ಬಿಸಿನೀರಿನ ಸ್ನಾನ ನಮ್ಮಲ್ಲಿ ಹೊಸ ಚಟವೇನಲ್ಲ. ದೀಪಾವಳಿಯ ಮುನ್ನಾದಿನ ಬಚ್ಚಲನ್ನು ತೊಳೆದು, ಹಂಡೆಯನ್ನು ಬೆಳಗಿ, ಅದಕ್ಕೆ ಹೂವು ಏರಿಸಿ ಪೂಜಿಸಿ ನೀರು ತುಂಬುವುದನ್ನೇ ಒಂದು ಹಬ್ಬವಾಗಿ ಮಾಡಿಕೊಂಡ ಜನ ನಾವು. ಬಾಣಂತಿಗೆ, ಕೂಸಿಗೆ, ಕೀಲುನೋವಿನ ಹಿರಿಯರಿಗೆ, ಗದ್ದೆ ತೋಟಗಳಲ್ಲಿ ದುಡಿದು ಮೈ ಕೈ ಹಿಡಿದುಕೊಂಡವರಿಗೆ ಬಿಸಿನೀರು ಭೋಗವಲ್ಲ, ಅಗತ್ಯ. ಆದುದರಿಂದ ಬಿಸಿನೀರನ್ನು ಬಿಡಿ ಎಂದು ಉಪದೇಶಿಸುವುದು ನನ್ನ ಉದ್ದೇಶವಲ್ಲ. ಯಾವ ಬಿಸಿನೀರಿಗೆ ಎಷ್ಟು ವೆಚ್ಚ, ಆ ವೆಚ್ಚವನ್ನು ತೆರುವವರು ಯಾರು ಎಂಬುದು ನಮಗೆ ತಿಳಿದಿರಬೇಕು ಎಂಬುದಷ್ಟೇ ನನ್ನ ಆಗ್ರಹ.

ಲೆಕ್ಕ ಮರೆಯಾದ ಬಗೆ

ಸೌದೆಯ ಒಲೆ ಇದ್ದಾಗ ಲೆಕ್ಕ ಕಣ್ಣಿಗೆ ಕಾಣುತ್ತಿತ್ತು. ಕೊಟ್ಟಿಗೆಯ ಪಕ್ಕದ ಸೌದೆಯ ರಾಶಿ ಕರಗಿದಂತೆ ಮನೆಯವರಿಗೆ ಎಚ್ಚರ ಮೂಡುತ್ತಿತ್ತು. ಹೊರೆ ಹೊತ್ತ ಹೆಂಗಸರ ಕುತ್ತಿಗೆಗೆ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಗೀಸರ್ ಬಂದ ಮೇಲೆ ಸ್ವಿಚ್ ಒತ್ತಿದರೆ ಸಾಕು. ಭಾರ ನಮ್ಮ ಹೆಗಲಿನಿಂದ ಇಳಿದದ್ದು ಒಳ್ಳೆಯದೇ ಆಯಿತು; ಆದರೆ ಅದರೊಂದಿಗೆ ಲೆಕ್ಕವೂ ಕಣ್ಮರೆಯಾಯಿತು.

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಬಳಿಕ ಅನೇಕ ಮನೆಗಳಲ್ಲಿ ಬಿಲ್ಲಿನ ಕೊನೆಯ ಸಾಲಿನಲ್ಲಿ ಸೊನ್ನೆ ಕಾಣಿಸತೊಡಗಿತು. ಬಡ ಕುಟುಂಬಗಳಿಗೆ ಇದರಿಂದ ದೊರೆತ ನೆಮ್ಮದಿಯನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಅದೇ ಬಿಲ್ಲಿನಲ್ಲಿ ಹಿಂದಿನ ಓದು, ಈಗಿನ ಓದು, ಬಳಸಿದ ಯೂನಿಟ್ ಎಂಬ ಸಾಲುಗಳು ಈಗಲೂ ಮುದ್ರಿತವಾಗುತ್ತವೆ. ಯೋಜನೆ ಆರಂಭವಾದಾಗ 2022-23ರ ಸರಾಸರಿ ಬಳಕೆಗೆ ಶೇಕಡ 10ನ್ನು ಸೇರಿಸಿ ಪ್ರತಿ ಮನೆಗೂ ಒಂದು ಮಿತಿಯನ್ನು ಗೊತ್ತುಪಡಿಸಲಾಯಿತು. ಎಲ್ಲರಿಗೂ ಅನ್ವಯಿಸುವ ಮೇಲಿನ ಮಿತಿ ತಿಂಗಳಿಗೆ 200 ಯೂನಿಟ್. ಹೊಸದಾಗಿ ಗೀಸರ್ ಹಾಕಿಸಿದ ಮನೆಯೊಂದು ಆ ಮಿತಿಯನ್ನು ಮೀರಿದರೆ ಅದರ ಕಾರಣ ಮನೆಯವರಿಗೇ ಹೊಳೆಯುವುದಿಲ್ಲ. ಅವರು ದೀಪಗಳನ್ನು ಬೈಯುತ್ತಾರೆ, ಟಿ.ವಿ.ಯನ್ನು ಬೈಯುತ್ತಾರೆ, ಮಕ್ಕಳು ಓದಲು ಹಚ್ಚಿದ ದೀಪವನ್ನು ಆರಿಸುತ್ತಾರೆ. ನಿಜವಾದ ಬಳಕೆದಾರ ಬಚ್ಚಲಿನ ಗೋಡೆಯ ಮೇಲೆ ಸದ್ದಿಲ್ಲದೆ ನೇತಾಡುತ್ತಿರುತ್ತಾನೆ.

ಒಂದೇ ಒಂದು ಸೂತ್ರ

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖ ಒಂದು ಕಿಲೋಕ್ಯಾಲೊರಿ. ಒಂದು ಯೂನಿಟ್ ವಿದ್ಯುತ್, ಅಂದರೆ ಒಂದು ಕಿಲೋವ್ಯಾಟ್-ಗಂಟೆ, ಪೂರ್ತಿಯಾಗಿ ಶಾಖವಾದರೆ ದೊರೆಯುವುದು 860 ಕಿಲೋಕ್ಯಾಲೊರಿ. ಇವೆರಡನ್ನು ಜೋಡಿಸಿದರೆ ಸೂತ್ರ ಸಿದ್ಧ: ನೀರು ಎಷ್ಟು ಲೀಟರ್ ಎಂಬುದನ್ನು ಉಷ್ಣತೆ ಎಷ್ಟು ಡಿಗ್ರಿ ಏರಿತು ಎಂಬುದರಿಂದ ಗುಣಿಸಿ, 860ರಿಂದ ಭಾಗಿಸಬೇಕು. ಬರುವುದೇ ಯೂನಿಟ್. ಪ್ರೌಢಶಾಲೆಯ ವಿದ್ಯಾರ್ಥಿಗೆ ಇದು ಕಷ್ಟದ ಗಣಿತವಲ್ಲ.

ಐದು ಜನರ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಲಾ 20 ಲೀಟರಿನ ಒಂದು ಬಕೆಟ್, ಒಟ್ಟು 100 ಲೀಟರ್. ಚಳಿಗಾಲದ ಬೆಳಗ್ಗೆ ತೊಟ್ಟಿಯ ನೀರು 20 ಡಿಗ್ರಿ ಇದೆ ಎನ್ನೋಣ. ಸ್ನಾನಕ್ಕೆ ಹಿತವಾದುದು 40 ಡಿಗ್ರಿ. ನೂರನ್ನು ಇಪ್ಪತ್ತರಿಂದ ಗುಣಿಸಿದರೆ 2000; ಅದನ್ನು 860ರಿಂದ ಭಾಗಿಸಿದರೆ 2.33 ಯೂನಿಟ್. ತಿಂಗಳಿಗೆ ಸುಮಾರು 70 ಯೂನಿಟ್. ಇದು ಒಂದಿಷ್ಟೂ ಸೋರಿಕೆಯಿಲ್ಲದ ಆದರ್ಶ ಲೆಕ್ಕ. ನಿಜದ ಬಳಕೆ ಇದಕ್ಕಿಂತ ಹೆಚ್ಚೇ ಇರುತ್ತದೆ.

ಇದನ್ನು ದೀಪದೊಂದಿಗೆ ಹೋಲಿಸಿ ನೋಡಿ. 9 ವ್ಯಾಟಿನ ಹತ್ತು ಎಲ್‌ಇಡಿ ಬಲ್ಬುಗಳು ದಿನಕ್ಕೆ ನಾಲ್ಕು ಗಂಟೆ ಉರಿದರೆ ಆಗುವ ಬಳಕೆ 0.36 ಯೂನಿಟ್. ಅಂದರೆ ಒಂದು ಬೆಳಗಿನ ಸ್ನಾನಕ್ಕೆ ತಗಲುವ ವಿದ್ಯುತ್ತಿನಿಂದ ಇಡೀ ಮನೆಯನ್ನು ಆರು ದಿನಗಳಿಗೂ ಮಿಗಿಲಾಗಿ ಬೆಳಗಬಹುದು. 200 ಯೂನಿಟ್‌ಗಳ ಮಿತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಸ್ನಾನವೊಂದೇ ನುಂಗುತ್ತದೆ. ದೀಪಗಳನ್ನು ಬೈಯುವ ಮನೆಗಳು ತಪ್ಪು ಕಳ್ಳನನ್ನು ಹಿಡಿದಿವೆ.

ಮೀಟರನ್ನು ಓದುವ ಕ್ರಮ

ಸೂತ್ರವು ಎಷ್ಟು ಆಗಬೇಕು ಎಂಬುದನ್ನು ಹೇಳುತ್ತದೆ. ಎಷ್ಟು ಆಯಿತು ಎಂಬುದನ್ನು ಹೇಳುವುದು ಮೀಟರ್. ಇದಕ್ಕಾಗಿ ಹೊಸ ಉಪಕರಣವನ್ನು ಕೊಳ್ಳಬೇಕಾಗಿಲ್ಲ. ಮನೆಯ ಮುಂಭಾಗದ ಮೀಟರನ್ನು ಗಮನಿಸಿದರೆ ಸಾಕು. ಅದರ ಮುದ್ರೆಯನ್ನಾಗಲಿ ತಂತಿಯನ್ನಾಗಲಿ ಯಾರೂ ಮುಟ್ಟಬಾರದು. ಕಣ್ಣಿನಿಂದ ನೋಡುವುದಷ್ಟೇ ನಮ್ಮ ಕೆಲಸ.

ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಚಿಕ್ಕ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬ ಸಂಖ್ಯೆ ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. 1600, 3200 ಇವು ಸಾಮಾನ್ಯವಾಗಿ ಕಾಣಸಿಗುವ ಸಂಖ್ಯೆಗಳು. ಹಳೆಯ ಮೀಟರುಗಳಲ್ಲಿ ಮಿಣುಕುವ ದೀಪದ ಬದಲು ತಿರುಗುವ ಅಲ್ಯೂಮಿನಿಯಂ ತಟ್ಟೆ ಇರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಸುತ್ತು ಎಂಬುದು ಅಲ್ಲಿ ಬರೆದಿರುತ್ತದೆ.

ಮೊದಲು ಮನೆಯ ಉಳಿದೆಲ್ಲ ಉಪಕರಣಗಳನ್ನು ಆರಿಸಬೇಕು. ಫ್ರಿಜ್ಜನ್ನು ಅರ್ಧ ಗಂಟೆ ಆರಿಸಿದರೆ ಹಾಲು ಕೆಡುವುದಿಲ್ಲ. ದೀಪದ ಮಿಣುಕು ನಿಂತಿದೆಯೇ ನೋಡಬೇಕು. ಎಲ್ಲವನ್ನೂ ಆರಿಸಿದ ಮೇಲೂ ಅದು ನಿಯಮಿತವಾಗಿ ಮಿಣುಕುತ್ತಿದ್ದರೆ ಎಲ್ಲಿಯೋ ಮರೆತ ಉಪಕರಣವೊಂದಿದೆ, ಇಲ್ಲವೇ ಸೋರಿಕೆಯಿದೆ ಎಂದು ಅರ್ಥ. ಅದೇ ಒಂದು ಉಪಯುಕ್ತ ಶೋಧ. ಬಳಿಕ ಗೀಸರನ್ನು ಮಾತ್ರ ಹಾಕಿ ಅರ್ಧ ನಿಮಿಷದ ಮಿಣುಕುಗಳನ್ನು ಎಣಿಸಬೇಕು. 3200ರ ಮೀಟರಿನಲ್ಲಿ 2000 ವ್ಯಾಟಿನ ಗೀಸರ್ ಪೂರ್ಣ ಶಕ್ತಿಯಿಂದ ಉರಿಯುತ್ತಿದ್ದರೆ ಅರ್ಧ ನಿಮಿಷಕ್ಕೆ ಸುಮಾರು 53 ಮಿಣುಕುಗಳು ಬರುತ್ತವೆ.

ನಮ್ಮ ಹಳ್ಳಿಗಳಲ್ಲಿ ಅಷ್ಟು ಬಾರದಿರುವ ಸಂಭವವೇ ಹೆಚ್ಚು. ಕಾರಣ ವೋಲ್ಟೇಜ್. ಕಾಯಿಸುವ ಸುರುಳಿಯ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230 ವೋಲ್ಟಿನಲ್ಲಿ 2000 ವ್ಯಾಟ್ ಇರುವ ಗೀಸರ್, 190 ವೋಲ್ಟಿನಲ್ಲಿ ಸುಮಾರು 1365 ವ್ಯಾಟ್ ಮಾತ್ರ. ಹೀಗಾಗಿ ಗೀಸರಿನ ಮೇಲೆ ಬರೆದ ವ್ಯಾಟನ್ನು ಗಂಟೆಗಳಿಂದ ಗುಣಿಸುವ ಲೆಕ್ಕ ನಮ್ಮಲ್ಲಿ ಸುಳ್ಳಾಗುತ್ತದೆ. ಇನ್ನೊಂದು ಕಾರಣವೂ ಉಂಟು: ನೀರು ನಿಗದಿತ ಉಷ್ಣತೆಗೆ ತಲುಪಿದೊಡನೆ ಥರ್ಮೋಸ್ಟಾಟ್ ತಾನಾಗಿಯೇ ವಿದ್ಯುತ್ತನ್ನು ಕಡಿದುಹಾಕುತ್ತದೆ. ಸ್ವಿಚ್ ಎರಡು ಗಂಟೆ ಹಾಕಿತ್ತೆಂದ ಮಾತ್ರಕ್ಕೆ ನಾಲ್ಕು ಯೂನಿಟ್ ಖರ್ಚಾಯಿತೆಂದು ಹೇಳಲಾಗದು. ಆದುದರಿಂದ ಸ್ನಾನಕ್ಕೆ ಮೊದಲು ಮೀಟರಿನ ಓದು, ಎಲ್ಲರ ಸ್ನಾನ ಮುಗಿದು ಗೀಸರ್ ಆರಿಸಿದ ಮೇಲೆ ಮೀಟರಿನ ಓದು, ಇವೆರಡರ ಅಂತರವನ್ನು ಏಳು ದಿನ ಬರೆದಿಡುವುದೇ ನಂಬಬಹುದಾದ ದಾರಿ.

ಬಳಸದ ನೀರಿನ ಖರ್ಚು

ಗೀಸರನ್ನು ಇಡೀ ದಿನ ಹಾಕಿಟ್ಟರೆ ಮತ್ತೆ ಮತ್ತೆ ಕಾಯಿಸುವ ಖರ್ಚು ಉಳಿಯುತ್ತದೆ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಇದು ಸರಿಯಲ್ಲ. ಬಿಸಿಯಾದ ವಸ್ತು ಸುತ್ತಲಿನ ಗಾಳಿಗೆ ಶಾಖವನ್ನು ಬಿಟ್ಟುಕೊಡುತ್ತಲೇ ಇರುತ್ತದೆ. ಹೆಚ್ಚು ಬಿಸಿಯಿದ್ದಷ್ಟು ಹೆಚ್ಚು ಬೇಗ ಬಿಟ್ಟುಕೊಡುತ್ತದೆ. ಗಂಟೆಗಟ್ಟಲೆ 65 ಡಿಗ್ರಿಯಲ್ಲಿ ಇರಿಸಿದ ಗೀಸರ್ ಅಷ್ಟೂ ಗಂಟೆ ಹೆಚ್ಚಿನ ಶಾಖವನ್ನು ಕಳೆದುಕೊಳ್ಳುತ್ತದೆ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಕೊನೆಯವರ ಸರದಿಗೆ ಮುನ್ನ ಆರಿಸುವುದೇ ಮಿತವ್ಯಯ.

ಈ ನಷ್ಟವನ್ನು ಮೀಟರಿಲ್ಲದೆಯೂ ಅಳೆಯಬಹುದು. ಒಂದು ಥರ್ಮಾಮೀಟರ್ ಇದ್ದರೆ ಸಾಕು. ರಾತ್ರಿ ಗೀಸರನ್ನು ಆರಿಸುವಾಗ 15 ಲೀಟರ್ ನೀರು 60 ಡಿಗ್ರಿಯಿದ್ದು, ಬೆಳಗ್ಗೆ 50ಕ್ಕೆ ಇಳಿದಿದ್ದರೆ, ಹದಿನೈದನ್ನು ಹತ್ತರಿಂದ ಗುಣಿಸಿ 860ರಿಂದ ಭಾಗಿಸಿ: 0.17 ಯೂನಿಟ್ ಗಾಳಿಗೆ ಹೋಯಿತು. ಮಾರಾಟವಾಗುವ ಗೀಸರುಗಳ ಮೇಲಿನ ನಕ್ಷತ್ರದ ಚೀಟಿಯಲ್ಲಿ ನಮೂದಾಗುವುದು ಇದೇ ನಷ್ಟ. ನೀರು ಸುತ್ತಲಿನ ಗಾಳಿಗಿಂತ 45 ಡಿಗ್ರಿ ಹೆಚ್ಚು ಬಿಸಿಯಿದ್ದಾಗ 24 ಗಂಟೆಗಳಲ್ಲಿ ಎಷ್ಟು ಯೂನಿಟ್ ಸೋರುತ್ತದೆ ಎಂಬುದು. ನಕ್ಷತ್ರ ಹೆಚ್ಚಿದ್ದರೆ ನೀರು ಕಡಿಮೆ ವಿದ್ಯುತ್ತಿನಲ್ಲಿ ಕಾಯುತ್ತದೆ ಎಂದಲ್ಲ. ಕಾದ ನೀರು ಹೆಚ್ಚು ಹೊತ್ತು ಬಿಸಿಯಾಗಿ ಉಳಿಯುತ್ತದೆ ಎಂದಷ್ಟೇ ಅರ್ಥ.

ಕೊಳವೆಯಲ್ಲಿ ಉಳಿದ ನೀರೂ ಖರ್ಚಿನ ಬಾಬತ್ತೇ. ಒಳವ್ಯಾಸ 15 ಮಿಲಿಮೀಟರ್ ಇರುವ 15 ಮೀಟರ್ ಉದ್ದದ ಕೊಳವೆಯಲ್ಲಿ ಎರಡೂವರೆ ಲೀಟರಿಗೂ ಹೆಚ್ಚು ನೀರು ನಿಂತಿರುತ್ತದೆ. ಪ್ರತಿ ಸಲ ಬಿಸಿನೀರಿಗಾಗಿ ಕಾಯುವಾಗ ಅಷ್ಟು ತಣ್ಣೀರನ್ನು ಮೋರಿಗೆ ಬಿಡುತ್ತೇವೆ, ನಲ್ಲಿ ಮುಚ್ಚಿದ ಮೇಲೆ ಅಷ್ಟೇ ಬಿಸಿನೀರು ಒಳಗೆ ಉಳಿದು ಆರುತ್ತದೆ.

ಕಡೂರಿನ ಬಯಲುಭಾಗದ ಕೊಳವೆಬಾವಿಗಳ ಗಡಸು ನೀರಿನ ಬಗ್ಗೆಯೂ ಒಂದು ಮಾತು. ಗೀಸರಿನ ಸುರುಳಿಯ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಸುರುಳಿ ನೀರಿನೊಳಗೇ ಇರುವುದರಿಂದ ಶಾಖ ಬಹುಪಾಲು ನೀರಿಗೇ ಸೇರುತ್ತದೆ, ಯೂನಿಟ್ ಅಷ್ಟಾಗಿ ಹೆಚ್ಚುವುದಿಲ್ಲ. ಆದರೆ ಸುರುಳಿ ಅತಿಯಾಗಿ ಕಾದು ಬೇಗನೆ ಸುಟ್ಟುಹೋಗುತ್ತದೆ. ಬೆಂಕಿಯ ಮೇಲಿನ ಹಂಡೆಯ ಸಂಗತಿ ಬೇರೆ. ಅದರ ತಳದ ಸುಣ್ಣವೂ ಹೊರಗಿನ ಮಸಿಯೂ ಶಾಖವನ್ನು ತಡೆದು ಸೌದೆಯನ್ನು ತಿನ್ನುತ್ತವೆ. ಹಬ್ಬಕ್ಕೊಮ್ಮೆ ಹಂಡೆ ಬೆಳಗುವ ಪದ್ಧತಿಯಲ್ಲಿ ಭಕ್ತಿಯ ಜೊತೆಗೆ ಇಂಧನ ವಿವೇಕವೂ ಇದೆ.

ಭದ್ರೆಯ ನೀರೂ ಬಚ್ಚಲಿನ ನೀರೂ

ಈಗ ಮನೆಯಿಂದ ಹೊರಗೆ ಬರೋಣ. ಶಾಖಕ್ಕೂ ಶ್ರಮಕ್ಕೂ ಇರುವ ವಿನಿಮಯ ದರವನ್ನು 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಪ್ರಯೋಗಗಳಿಂದ ಕಂಡುಕೊಂಡನು. ಇಂದಿನ ಅಳತೆಯಲ್ಲಿ ಅದನ್ನು ಹೀಗೆ ಹೇಳಬಹುದು: ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಕ್ತಿಯಿಂದ ಅದೇ ನೀರನ್ನು ಸುಮಾರು 427 ಮೀಟರ್ ಎತ್ತರಕ್ಕೆ ಏರಿಸಬಹುದು. ಕೇವಲ ಒಂದು ಡಿಗ್ರಿಗೆ ಇಷ್ಟು.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟಿನ ಎತ್ತರ ಸುಮಾರು 59 ಮೀಟರ್. ಅಲ್ಲಿ ವಿದ್ಯುತ್ತೂ ಉತ್ಪಾದನೆಯಾಗುತ್ತದೆ. ನಮ್ಮ ಉದಾಹರಣೆಯ ಮನೆಯ 100 ಲೀಟರ್ ಸ್ನಾನದ ನೀರನ್ನು 20 ಡಿಗ್ರಿ ಬಿಸಿ ಮಾಡಬೇಕಾದರೆ ಆ ಅಣೆಕಟ್ಟಿನ ಪೂರ್ಣ ಎತ್ತರದಿಂದ ಎಷ್ಟು ನೀರು ಬೀಳಬೇಕು? ಯಂತ್ರದಲ್ಲಾಗಲಿ ತಂತಿಯಲ್ಲಾಗಲಿ ಕಿಂಚಿತ್ತೂ ನಷ್ಟವಿಲ್ಲವೆಂದು ಭಾವಿಸಿದರೂ 14,000 ಲೀಟರಿಗೂ ಹೆಚ್ಚು. ಒಂದು ಮನೆಯ ಒಂದು ಬೆಳಗಿಗೆ, 5,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ, ಸುಮಾರು ಮೂರು ಟ್ಯಾಂಕರ್ ನೀರು! ಜಲವಿದ್ಯುತ್ತಿನಿಂದ ನೀರು ಕಾಯಿಸುವುದೆಂದರೆ ಹೊಳೆಯನ್ನು ಕೆಡವಿ ಚೊಂಬನ್ನು ಬಿಸಿ ಮಾಡಿದಂತೆ.

ಇದೇ ಲೆಕ್ಕವನ್ನು ಕಡೂರಿನ ರೈತರು ತಿರುಗಿಸಿ ನೋಡಬಹುದು. 200 ಮೀಟರ್ ಆಳದಿಂದ ನೀರೆತ್ತುವ ಪಂಪು ಹಾಕಿದ ವಿದ್ಯುತ್ತಿನ ಶೇಕಡ 40ನ್ನು ಮಾತ್ರ ನೀರಿಗೆ ದಾಟಿಸುತ್ತದೆ ಎಂದಿಟ್ಟುಕೊಂಡರೂ ಒಂದು ಯೂನಿಟ್‌ಗೆ 730 ಲೀಟರ್ ನೀರು ಮೇಲೆ ಬರುತ್ತದೆ. ಸ್ನಾನದ 2.33 ಯೂನಿಟ್‌ಗಳಿಂದ ಸುಮಾರು 1,700 ಲೀಟರ್. ಶಾಂತಿಪುರ ಹಾಗೂ ಬೆಟ್ಟದತಾವರೆಕೆರೆಗಳಲ್ಲಿ ಪಂಪುಗಳನ್ನಿಟ್ಟು ಭದ್ರೆಯ ನೀರನ್ನು ಅಜ್ಜಂಪುರದ ಸುರಂಗದತ್ತ ಎತ್ತುವ ಭದ್ರಾ ಮೇಲ್ದಂಡೆ ಯೋಜನೆಯನ್ನು ಕಂಡವರಿಗೆ ನೀರೆತ್ತುವುದೇ ಭಾರಿ ವಿದ್ಯುತ್ತಿನ ಕೆಲಸವೆಂದು ತೋರುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ, ಬೆಟ್ಟ ಹತ್ತಿಸುವುದಕ್ಕಿಂತ ಬಕೆಟ್ ಕಾಯಿಸುವುದೇ ಹಲವು ಪಟ್ಟು ದುಬಾರಿ.

ಕಲ್ಲಿದ್ದಲಿನ ವಿದ್ಯುತ್ತಾದರೆ ಕಥೆ ಇನ್ನೊಂದು ಬಗೆಯದು. ರಾಯಚೂರಿನಂಥ ಸ್ಥಾವರಗಳಲ್ಲಿ ಕಲ್ಲಿದ್ದಲನ್ನು ಸುಟ್ಟು ಶಾಖ ಪಡೆದು, ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿಸಲು ಸಾಧ್ಯ. ಉಳಿದುದು ಚಿಮಣಿಗೂ ತಂಪುಗೋಪುರಕ್ಕೂ ಹೋಗುತ್ತದೆ. ಅಷ್ಟು ಕಷ್ಟಪಟ್ಟು ಪಡೆದ ವಿದ್ಯುತ್ತನ್ನು ನೂರಾರು ಕಿಲೋಮೀಟರ್ ಸಾಗಿಸಿ ಬಚ್ಚಲಿನಲ್ಲಿ ಮತ್ತೆ ಶಾಖವಾಗಿಸುತ್ತೇವೆ. ಅದೂ 40 ಡಿಗ್ರಿಯ ಶಾಖ! ಮೋಟಾರು ತಿರುಗಿಸಬಲ್ಲ, ಗಣಕಯಂತ್ರ ನಡೆಸಬಲ್ಲ ಶಕ್ತಿಯನ್ನು ಇದಕ್ಕೆ ಹೂಡುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವಲ್ಲದೆ ಮತ್ತೇನು?

ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಗಂಭೀರವಾಗಿ ಎತ್ತಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು. 1974ರಲ್ಲಿ ಅಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದ ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯ ಇಂಧನವನ್ನು ತೂಗಿ ಅಳೆಯಿತು. ಹಳ್ಳಿಯ ಶಕ್ತಿಯ ಮುಖ್ಯ ಮೂಲ ಸೌದೆಯೆಂಬುದೂ, ಅದನ್ನು ಹೊರುವವರು ಬಹುಪಾಲು ಹೆಂಗಸರು ಮತ್ತು ಮಕ್ಕಳೆಂಬುದೂ ಆ ಅಳತೆಯಿಂದ ಅಂಕಿಗಳಲ್ಲಿ ದಾಖಲಾಯಿತು. ಮುಂದೆ 1987ರಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳಿಗಾಗಿ 2000ನೇ ಇಸವಿಯವರೆಗಿನ ದೀರ್ಘಾವಧಿ ಮುನ್ನೋಟವೊಂದು ಸಿದ್ಧವಾದಾಗ, ರೆಡ್ಡಿಯವರೂ ಸಂಗಡಿಗರೂ ಅದಕ್ಕೆ ಎದುರಾಗಿ 1991ರಲ್ಲಿ ಮತ್ತೊಂದು ಮುನ್ನೋಟವನ್ನು ಪ್ರಕಟಿಸಿದರು. ಎಷ್ಟು ವಿದ್ಯುತ್ ಉತ್ಪಾದಿಸಬೇಕು ಎಂಬುದರ ಬದಲು, ಜನರಿಗೆ ಯಾವ ಸೇವೆ ಬೇಕು ಎಂಬುದರಿಂದ ಅವರು ಲೆಕ್ಕವನ್ನು ಆರಂಭಿಸಿದರು. ವಿದ್ಯುತ್ ಗೀಸರಿನ ಜಾಗದಲ್ಲಿ ಸೌರ ಹೀಟರ್, ಹಳೆಯ ಬಲ್ಬಿನ ಜಾಗದಲ್ಲಿ ಮಿತಬಳಕೆಯ ದೀಪ, ಇಂತಹ ಕ್ರಮಗಳನ್ನು ಸೇರಿಸಿದಾಗ ಸರ್ಕಾರಿ ಮುನ್ನೋಟದ ಐದರಲ್ಲಿ ಎರಡು ಪಾಲಿನಷ್ಟು ವಿದ್ಯುತ್ ಸಾಕೆಂಬ ಉತ್ತರ ಬಂದಿತು. ಒಂದು ಅಣೆಕಟ್ಟು ಬೇಕೇ ಬೇಡವೇ ಎಂಬ ವಾದದಲ್ಲಿ ಬಚ್ಚಲುಮನೆಯೂ ಒಂದು ಪಕ್ಷ ಎಂಬುದನ್ನು ತೋರಿಸಿದ ಲೆಕ್ಕವಿದು. ಬೆಳಗಿನ ಹೊತ್ತು ಲಕ್ಷಾಂತರ ಗೀಸರುಗಳು ಒಟ್ಟಿಗೆ ಉರಿಯುವ ಏರುಬೇಡಿಕೆಯನ್ನು ಮುಂದಿಟ್ಟುಕೊಂಡು ಘಟ್ಟಗಳಲ್ಲಿ ಹೊಸ ಯೋಜನೆಗಳ ಅಗತ್ಯವನ್ನು ಪ್ರತಿಪಾದಿಸುವಾಗಲೆಲ್ಲ ಆ ಪಾಠವನ್ನು ನಾವು ನೆನೆಯಬೇಕು.

ಬಿಸಿನೀರಿನ ತೊಟ್ಟಿ

ಈಚೆಗೆ ಬೆಟ್ಟಸಾಲಿನ ಪ್ರವಾಸಿ ವಸತಿಗಳಲ್ಲಿಯೂ ಕೆಲವು ಶ್ರೀಮಂತ ಮನೆಗಳಲ್ಲಿಯೂ ಬಿಸಿನೀರಿನ ದೊಡ್ಡ ತೊಟ್ಟಿಗಳನ್ನು ಇಡುವ ರೂಢಿ ಬಂದಿದೆ. ನಾಲ್ಕೈದು ಜನ ಕುಳಿತು ನೆನೆಯುವ ತೊಟ್ಟಿ ಇದು. ಇದಕ್ಕೂ ಸೂತ್ರ ಅದೇ. 1,200 ಲೀಟರ್ ನೀರನ್ನು 22 ಡಿಗ್ರಿಯಿಂದ 38ಕ್ಕೆ ಏರಿಸಲು 22 ಯೂನಿಟ್‌ಗೂ ಸ್ವಲ್ಪ ಹೆಚ್ಚು ಬೇಕು. ನಮ್ಮ ಐದು ಜನರ ಮನೆಯ ಒಂಬತ್ತು ದಿನಗಳ ಸ್ನಾನಕ್ಕಿಂತ ಹೆಚ್ಚು.

ತುಂಬಿದ ನೀರನ್ನು ದಿನಗಟ್ಟಲೆ ಬಿಸಿಯಾಗಿಯೇ ಇಡುವುದರಿಂದ ತೊಟ್ಟಿಯ ನಿಜವಾದ ಖರ್ಚು ಇರುವುದು ಕಾಯುವುದರಲ್ಲಿ. ಅದನ್ನು ಅಳೆಯುವ ಬಗೆ ಸುಲಭ: ರಾತ್ರಿ ಹೀಟರನ್ನು ಆರಿಸಿ ಉಷ್ಣತೆ ಬರೆದುಕೊಂಡು, ಬೆಳಗ್ಗೆ ಮತ್ತೆ ನೋಡಬೇಕು. ನಾಲ್ಕು ಡಿಗ್ರಿ ಇಳಿದಿದ್ದರೆ ಒಂದು ರಾತ್ರಿಗೆ 5.6 ಯೂನಿಟ್ ಸೋರಿತು ಎಂದರ್ಥ. ಮುಚ್ಚಳ ಹಾಕಿ ಒಂದು ರಾತ್ರಿ, ಹಾಕದೆ ಒಂದು ರಾತ್ರಿ ಅಳೆದರೆ ಮುಚ್ಚಳದ ಬೆಲೆ ತಿಳಿಯುತ್ತದೆ. ತೆರೆದ ನೀರು ಆವಿಯಾಗುವಾಗ ಪ್ರತಿ ಲೀಟರೂ ಸುಮಾರು 580 ಕಿಲೋಕ್ಯಾಲೊರಿಯನ್ನು, ಅಂದರೆ ಯೂನಿಟ್ಟಿನ ಮೂರನೆಯ ಎರಡು ಪಾಲನ್ನು, ಹೊತ್ತೊಯ್ಯುತ್ತದೆ. ಚಳಿಗಾಳಿಯಲ್ಲಿ ನೀರಿನ ಮೇಲೆ ಏಳುವ ಹಬೆ ನೋಡಲು ಸುಂದರ. ಆದರೆ ಅದು ಹಾರಿಹೋಗುತ್ತಿರುವ ವಿದ್ಯುತ್.

ತಮ್ಮ ಹಣ, ತಮ್ಮ ತೊಟ್ಟಿ ಎಂದು ಕೆಲವರು ಹೇಳಬಹುದು. ಆದರೆ ಟ್ರಾನ್ಸ್‌ಫಾರ್ಮರ್ ಅವರೊಬ್ಬರದಲ್ಲ. 25 ಕೆ.ವಿ.ಎ. ಸಾಮರ್ಥ್ಯದ ಹಳ್ಳಿಯ ಟ್ರಾನ್ಸ್‌ಫಾರ್ಮರಿನಲ್ಲಿ 6 ಕಿಲೋವ್ಯಾಟಿನ ಒಂದು ತೊಟ್ಟಿ-ಹೀಟರ್ ಕಾಲುಭಾಗವನ್ನು ತಾನೇ ಹಿಡಿದುಕೊಳ್ಳುತ್ತದೆ. ಸಂಜೆ ಅದು ಉರಿಯತೊಡಗಿದರೆ ಸಾಲಿನ ಕೊನೆಯ ಮನೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಮಿಕ್ಸಿ ನರಳುತ್ತದೆ. ಇಂತಹ ತೊಟ್ಟಿಗೆ ಅನುಮತಿ ಕೇಳಿ ಬಂದಾಗ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಹೀಟರ್ ಎಷ್ಟು ಕಿಲೋವ್ಯಾಟ್? ಯಾವ ಹೊತ್ತಿನಲ್ಲಿ ಉರಿಯುತ್ತದೆ? ಅದಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಉಂಟೇ? ಅಂಕಿಗಳಿಲ್ಲದ ದೂರನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಅಂಕಿಗಳಿರುವ ದೂರನ್ನು ತಳ್ಳಿಹಾಕುವುದು ಸುಲಭವಲ್ಲ.

ಸೌದೆಗೆ ಮರಳಬೇಕೇ?

ಹಾಗಾದರೆ ಎಲ್ಲರೂ ಮತ್ತೆ ಹಂಡೆಗೆ ಮರಳೋಣವೇ? ಇದಕ್ಕೂ ಲೆಕ್ಕವೇ ಉತ್ತರ ಹೇಳಲಿ. ಒಣಸೌದೆ ಕಿಲೋಗೆ ಸುಮಾರು 3,500 ಕಿಲೋಕ್ಯಾಲೊರಿ ಶಾಖ ಕೊಡುತ್ತದೆ. ತೆರೆದ ಒಲೆಯಲ್ಲಿ ಅದರ ಶೇಕಡ 15 ನೀರಿಗೆ ಸೇರಿದರೆ ಅದೇ ದೊಡ್ಡದು. ಅದೇ 100 ಲೀಟರ್ ನೀರಿಗೆ ದಿನಕ್ಕೆ 3.8 ಕಿಲೋ, ವರ್ಷಕ್ಕೆ ಒಂದೂಕಾಲು ಟನ್ನಿಗೂ ಹೆಚ್ಚು ಸೌದೆ. ಅದು ಕಾಡಿನ ಮರವಾದರೆ ಭದ್ರಾ ಕಾಡಿಗೆ ನಾವು ಮಾಡುವ ಉಪಕಾರವೇನೂ ಇಲ್ಲ. ಹೊಗೆ ಕುಡಿಯುವವರು ಹೆಂಗಸರೇ. ಹೊಗೆಗೊಳವೆಯುಳ್ಳ, ಹಂಡೆಯ ಸುತ್ತ ಉರಿ ಸುತ್ತಿಬರುವಂತೆ ಕಟ್ಟಿದ ಸುಧಾರಿತ ಒಲೆಯಲ್ಲಿ ಶೇಕಡ 35ರಷ್ಟು ಶಾಖ ನೀರಿಗೆ ಸೇರಿದರೆ ಸೌದೆ ದಿನಕ್ಕೆ 1.6 ಕಿಲೋಗೆ ಇಳಿಯುತ್ತದೆ. ತೆಂಗಿನ ತೋಟವಿರುವ ಕಡೂರು, ಬೀರೂರಿನ ಮನೆಗೂ ಅಡಿಕೆ ತೋಟವಿರುವ ತರೀಕೆರೆಯ ಮನೆಗೂ ಇಷ್ಟು ಉರುವಲು ಗರಿ, ಮೊಟ್ಟೆ, ಸಿಪ್ಪೆಗಳಲ್ಲೇ ದೊರೆಯುತ್ತದೆ. ಆದರೆ ತೋಟಕ್ಕೆ ಹೊದಿಕೆಯಾಗಿ ಬೇಕಾದುದನ್ನೆಲ್ಲ ಒಲೆಗೆ ಹಾಕಬಾರದು ಎಂಬ ಎಚ್ಚರವೂ ಇರಲಿ.

ಬಯಲುಸೀಮೆಯ ಕಡೂರು, ಅಜ್ಜಂಪುರಗಳಿಗೆ ಸೂರ್ಯನೇ ದೊಡ್ಡ ಒಲೆ. ಮುಂಗಾರಿನ ಮೋಡದ ದಿನಗಳನ್ನು ಬಿಟ್ಟರೆ 100 ಲೀಟರಿನ ಸೌರ ಹೀಟರ್ ಒಂದು ಮನೆಯ ಸ್ನಾನಕ್ಕೆ ಸಾಕಾಗುತ್ತದೆ. ವರ್ಷಕ್ಕೆ 1,500 ಯೂನಿಟ್‌ವರೆಗೆ ಉಳಿತಾಯವೆಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಹೇಳುತ್ತದೆ. ಇಲ್ಲಿ "ವರೆಗೆ" ಎಂಬ ಪದವನ್ನು ಗಮನಿಸಬೇಕು. ನಮ್ಮ ಉದಾಹರಣೆಯ ಮನೆ ಸ್ನಾನಕ್ಕೆ ಬಳಸುವುದೇ ವರ್ಷಕ್ಕೆ ಸುಮಾರು 850 ಯೂನಿಟ್, ಸೋರಿಕೆ ಸೇರಿ ಇನ್ನಷ್ಟು. ಬಳಸದುದನ್ನು ಉಳಿಸಲು ಸಾಧ್ಯವಿಲ್ಲ. ಮಾರುವವರ ಅಂಕಿಯನ್ನು ನಮ್ಮ ಅಂಕಿಯೊಂದಿಗೆ ಹೋಲಿಸಿ ನೋಡಲು ನಾವು ಅಳೆದಿರಲೇಬೇಕು. ಮಳೆ ಹೆಚ್ಚಿರುವ ಲಿಂಗದಹಳ್ಳಿ, ಸಂತವೇರಿ, ಕೆಮ್ಮಣ್ಣುಗುಂಡಿಯ ಕಡೆಯವರಿಗೆ ಬೇಸಿಗೆಗೆ ಸೂರ್ಯ, ಮಳೆಗಾಲಕ್ಕೆ ಸುಧಾರಿತ ಒಲೆ ಎಂಬ ಜೋಡಿ ಹೊಂದಬಹುದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ವಿದ್ಯಾರ್ಥಿ ಮಿತ್ರರೇ, ಒಂದು ನೋಟ್‌ಪುಸ್ತಕದಲ್ಲಿ ಆರು ಅಂಕಣಗಳನ್ನು ಎಳೆಯಿರಿ: ದಿನಾಂಕ, ತೊಟ್ಟಿಯ ನೀರಿನ ಉಷ್ಣತೆ, ಸ್ನಾನದ ನೀರಿನ ಉಷ್ಣತೆ, ಒಟ್ಟು ಲೀಟರ್, ಸೂತ್ರದ ಯೂನಿಟ್, ಮೀಟರಿನ ಯೂನಿಟ್. ಏಳು ದಿನ ಬರೆಯಿರಿ. ಕೊನೆಯ ಎರಡು ಅಂಕಣಗಳ ಅಂತರವೇ ನಿಮ್ಮ ಮನೆಯ ಸೋರಿಕೆ. ಸೌದೆಯ ಮನೆಯವರು ಯೂನಿಟ್ ಬದಲು ತಕ್ಕಡಿಯಲ್ಲಿ ತೂಗಿದ ಸೌದೆಯನ್ನು ಬರೆಯಲಿ. ನೀರಿಗೆ ಇಳಿಬಿಡುವ ಕಾಯಿಸುವ ಕಡ್ಡಿಯನ್ನು ಬಳಸುವ ಮನೆಗಳಲ್ಲಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಬಳಿಕವಷ್ಟೇ ನೀರನ್ನು ಮುಟ್ಟಬೇಕು. ಅಳತೆಯ ಉತ್ಸಾಹದಲ್ಲಿ ಈ ಎಚ್ಚರವನ್ನು ಮರೆಯುವಂತಿಲ್ಲ.

ಅಳೆದ ಮೇಲೆ ಆ ಪುಸ್ತಕವನ್ನು ಗದರಿಸುವ ಕೋಲಾಗಿ ಮಾಡಬೇಡಿ. ನಮ್ಮ ಮನೆಗಳಲ್ಲಿ ಮೊದಲ ಬಿಸಿನೀರು ಯಾರಿಗೆ, ಕೊನೆಯ ಉಗುರುಬೆಚ್ಚನೆಯ ನೀರು ಯಾರಿಗೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಒಲೆ ಹಚ್ಚಿದವಳೇ ಹೆಚ್ಚಾಗಿ ತಣ್ಣೀರಿನಲ್ಲಿ ಮಿಂದವಳು. ಮಿತವ್ಯಯದ ಹೆಸರಿನಲ್ಲಿ ಮತ್ತೆ ಅವಳ ಬಕೆಟ್ಟನ್ನೇ ಕಿರಿದುಗೊಳಿಸಿದರೆ ನಮ್ಮ ಅಳತೆ ಅನ್ಯಾಯಕ್ಕೆ ಸಾಕ್ಷಿ ಹೇಳಿದಂತಾಗುತ್ತದೆ. ಆದುದರಿಂದ ಏಳನೆಯ ಅಂಕಣವೊಂದಿರಲಿ: ಯಾರಿಗೆ ಎಷ್ಟು ಲೀಟರ್, ಎಷ್ಟು ಡಿಗ್ರಿ. ಸೋರಿಕೆಯನ್ನು ನಿಲ್ಲಿಸಿ ಉಳಿಸಿದ ನೀರು ಮೊದಲು ಸೇರಬೇಕಾದುದು ಅವಳ ಬಕೆಟ್ಟಿಗೆ.

ಮೂರೂ ತಾಲ್ಲೂಕುಗಳಿಂದ ಇಂತಹ ಪುಸ್ತಕಗಳು ಒಂದೆಡೆ ಸೇರಿದರೆ, ಬಯಲಿಗೂ ಮಲೆನಾಡಿನ ಅಂಚಿಗೂ ಯಾವ ಬಿಸಿನೀರು ತಕ್ಕುದು ಎಂಬುದನ್ನು ನಮ್ಮದೇ ಅಂಕಿಗಳಿಂದ ಹೇಳಬಲ್ಲೆವು. ಮುಂದೆ ಯಾರಾದರೂ ಬಂದು ನಿಮಗೆ ಇಷ್ಟು ವಿದ್ಯುತ್ ಬೇಕು, ಅದಕ್ಕಾಗಿ ಇಷ್ಟು ಕಾಡನ್ನು ಬಿಟ್ಟುಕೊಡಿ ಎಂದು ಹೇಳಿದಾಗ, ನಮಗೆ ಬೇಕಾದುದೆಷ್ಟು ಎಂಬುದನ್ನು ನಾವೇ ಅಳೆದಿದ್ದೇವೆ, ಬನ್ನಿ, ಲೆಕ್ಕಕ್ಕೆ ಕುಳಿತುಕೊಳ್ಳೋಣ ಎಂದು ಉತ್ತರಿಸುವ ಧೈರ್ಯ ನಮಗಿರಬೇಕು. ಆ ಧೈರ್ಯ ಘೋಷಣೆಯಿಂದ ಬರುವುದಿಲ್ಲ, ಅಳತೆಯಿಂದ ಬರುತ್ತದೆ.